ಹಿರಿಯರ ಹೆಸರು, ಮೊಮ್ಮಕ್ಕಳ ಹೆಸರು

ಮನೆಯಲ್ಲಿ ಶಿಶು ಜನಿಸಿದೊಡನೆ ಹಿರಿಯರ ಮನಸ್ಸಿನಲ್ಲಿ ಒಂದು ಆಸೆ ಮೂಡುತ್ತದೆ. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದಿದ್ದರೂ ಮನೆಮಂದಿಗೆಲ್ಲ ಅದು ತಿಳಿದೇ ಇರುತ್ತದೆ. ಲಿಂಗೈಕ್ಯರಾದವರ ಹೆಸರು ಮತ್ತೆ ತೊಟ್ಟಿಲಿನಲ್ಲಿ ಕೇಳಿಬರಬೇಕೆಂಬುದೇ ಆ ಆಸೆ. ಮಗುವಿನ ತಂದೆತಾಯಿಗಳಾದರೋ ಆ ಹೆಸರು ಹಳೆಯದಾಯಿತೆಂದು ಹಿಂಜರಿಯುತ್ತಾರೆ. ಇದರಿಂದ ಸಂತೋಷದ ದಿನದಲ್ಲಿಯೇ ಮನಸ್ತಾಪ ತಲೆದೋರುವ ಮನೆಗಳು ಅನೇಕ. ಹಿರಿಯರ ಮನ ನೋಯದಂತೆ, ಮಗುವಿಗೆ ಹೊರೆಯಾಗದಂತೆ, ಶರಣಧರ್ಮಕ್ಕೆ ಕುಂದು ಬಾರದಂತೆ ಹೆಸರಿಡುವ ಬಗೆ ಯಾವುದೆಂಬುದನ್ನು ಗೃಹಸ್ಥರು ವಿಚಾರಿಸತಕ್ಕದ್ದು.

ಹಿರಿಯರ ಹೆಸರನ್ನು ಕಿರಿಯರಿಗಿಡುವ ರೂಢಿ ಇಂದು ನಿನ್ನೆಯದಲ್ಲ. ಪತಂಜಲಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಯಾಜ್ಞಿಕರ ಮತವೊಂದನ್ನು ತಿಳಿಸುತ್ತಾನೆ. ಮಗು ಹುಟ್ಟಿ ಹತ್ತು ದಿನ ಕಳೆದ ಮೇಲೆ ಇಡುವ ಹೆಸರು ಹಿಂದಿನ ಮೂರು ತಲೆಮಾರಿನ ಪುರುಷರನ್ನು ಅನುಸರಿಸಿರಬೇಕು, ಎರಡು ಅಥವಾ ನಾಲ್ಕು ಅಕ್ಷರಗಳುಳ್ಳದ್ದಾಗಿರಬೇಕು ಎಂಬುದು ಅದರ ಭಾವ. ಕನ್ನಡ ನಾಡಿನ ಅರಸುಮನೆತನಗಳಲ್ಲಿಯೂ ಈ ರೂಢಿ ಕಾಣುತ್ತದೆ. 12 ಮತ್ತು 13ನೆಯ ಶತಮಾನಗಳ ಹೊಯ್ಸಳರಲ್ಲಿ ಒಂದನೆಯ ನರಸಿಂಹನ ಮಗ ಇಮ್ಮಡಿ ಬಲ್ಲಾಳ. ಬಲ್ಲಾಳನ ಮಗ ಇಮ್ಮಡಿ ನರಸಿಂಹ. ಅವನ ಮಗ ಸೋಮೇಶ್ವರ. ಸೋಮೇಶ್ವರನ ಮಗ ಮುಮ್ಮಡಿ ನರಸಿಂಹ. ಒಂದು ತಲೆಮಾರು ಬಿಟ್ಟು ಮತ್ತೊಂದು ತಲೆಮಾರಿನಲ್ಲಿ ಅಜ್ಜನ ಹೆಸರು ಮೊಮ್ಮಗನಲ್ಲಿ ಮರಳಿದೆ.

ರೂಢಿ ಹಳೆಯದೆಂಬ ಮಾತ್ರಕ್ಕೆ ಶರಣರು ಯಾವುದನ್ನೂ ಒಪ್ಪಿದವರಲ್ಲ. ಆದುದರಿಂದ ಈ ರೂಢಿಗೆ ಅಂಟಿಕೊಂಡಿರುವ ಮೂರು ತಪ್ಪು ತಿಳಿವಳಿಕೆಗಳನ್ನು ಮೊದಲು ಬಿಡಿಸಿಕೊಳ್ಳಬೇಕು.

ಒಂದನೆಯದು, ಅಜ್ಜನೇ ಮರಳಿ ಹುಟ್ಟಿ ಬಂದನೆಂಬ ನಂಬಿಕೆ. ಇದು ಅಕ್ಕರೆಯ ಮಾತಾಗಿ ಇರಲಿ, ಸಿದ್ಧಾಂತವಾಗಬಾರದು. ಲಿಂಗದಲ್ಲಿ ಐಕ್ಯನಾದ ಭಕ್ತನಿಗೆ ಮರಳಿ ಭವವಿಲ್ಲವೆಂಬುದು ಶರಣರ ನಿಲುವು. ಹಾಗಿರಲು ಹೆಸರಿಡುವುದು ಸ್ಮರಣೆಗಾಗಿಯೇ ಹೊರತು ಪುನರ್ಜನ್ಮವನ್ನು ಸಾರುವುದಕ್ಕಲ್ಲ. ಎರಡನೆಯದು, ಅಗಲಿದವರ ಹೆಸರು ಹಸುಗೂಸಿಗೆ ಅಮಂಗಳವೆಂಬ ಭಯ. ಜನನಸೂತಕ, ಮರಣಸೂತಕಗಳನ್ನೇ ಅಲ್ಲಗಳೆದ ಧರ್ಮದಲ್ಲಿ ಈ ಭಯಕ್ಕೆ ಎಡೆಯೆಲ್ಲಿಯದು? ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇರುವ ಶಿಶುವಿಗೆ ಶರಣನೊಬ್ಬನ ಹೆಸರಿನಿಂದ ಕೇಡು ಬಾರದು. ಮೂರನೆಯದು, ನಕ್ಷತ್ರದ ಅಕ್ಷರದಿಂದಲೇ ಹೆಸರು ಮೊದಲಾಗಬೇಕೆಂಬ ಕಟ್ಟು. ತಿಥಿವಾರ ನಕ್ಷತ್ರಗಳಿಗೆ ಶರಣರು ಅಂಜಿದವರಲ್ಲ. ಪಂಚಾಂಗದ ಅಕ್ಷರಕ್ಕೆ ಹೊಂದಲಿಲ್ಲವೆಂದು ಹಿರಿಯರ ಹೆಸರನ್ನು ಕೈಬಿಡಬೇಕಾಗಿಲ್ಲ.

ಇನ್ನು ಶರಣರಲ್ಲಿಯೇ ಪ್ರೀತಿಪಾತ್ರರ ಹೆಸರನ್ನು ಹೊತ್ತವರು ಉಂಟೆ ಎಂದರೆ, ಉಂಟು. ಮುಕ್ತಾಯಕ್ಕನಿಗೆ ಅಣ್ಣನಾದ ಅಜಗಣ್ಣನೇ ಗುರು. ಅವನ ಅಗಲಿಕೆಯ ತರುವಾಯ ಅವಳು ನುಡಿದ ವಚನಗಳ ಅಂಕಿತದಲ್ಲಿ ಅಜಗಣ್ಣನ ಹೆಸರೇ ನಿಂತಿದೆ. ಬಸವಣ್ಣನವರ ಅಂಕಿತ ಕೂಡಲಸಂಗಮದೇವ. ಅವರ ಸೋದರಳಿಯ ಚೆನ್ನಬಸವಣ್ಣನವರ ಅಂಕಿತ ಕೂಡಲಚೆನ್ನಸಂಗಮದೇವ. ಸೋದರಮಾವನ ಹೆಸರಿನಲ್ಲಿಯೂ ಅಂಕಿತದಲ್ಲಿಯೂ ‘ಚೆನ್ನ’ ಎಂಬ ಎರಡೇ ಅಕ್ಷರ ಕೂಡಿವೆ. ಹಿರಿಯನ ನೆನಪು ಪೂರ್ಣವಾಗಿ ಉಳಿದಿದೆ. ಕಿರಿಯನ ವ್ಯಕ್ತಿತ್ವವೂ ಬೇರೆಯಾಗಿ ನಿಂತಿದೆ. ಹಿರಿಯರನ್ನು ಸೂಕ್ಷ್ಮವಾಗಿ ಗೌರವಿಸುವ ಹೆಸರಿಗೆ ಇದಕ್ಕಿಂತ ಮಿಗಿಲಾದ ಮಾದರಿ ಬೇಕಿಲ್ಲ.

ಅಜ್ಜನ ಹೆಸರನ್ನು ಇದ್ದಂತೆಯೇ ಇಟ್ಟರೆ ಒಂದು ತೊಡಕು ಬರುವುದುಂಟು. ಮಾವನ ಹೆಸರನ್ನು ಸೊಸೆ ಉಚ್ಚರಿಸಬಾರದೆಂಬುದು ಅನೇಕ ಮನೆಗಳ ಮರ್ಯಾದೆ. ಆ ಹೆಸರಿನ ಮಗನನ್ನು ಅವಳು ಕೂಗಿ ಕರೆಯಲಾರಳು, ತಪ್ಪು ಮಾಡಿದಾಗ ಗದರಲಾರಳು. ಅದಕ್ಕಾಗಿಯೇ ‘ಅಪ್ಪಾಜಿ’, ‘ಅಜ್ಜಯ್ಯ’ ಎಂಬ ಕರೆಯುವ ಹೆಸರುಗಳು ಹುಟ್ಟಿಕೊಂಡವು. ತೊಟ್ಟಿಲಿನ ಹೆಸರೊಂದು, ಕರೆಯುವ ಹೆಸರೊಂದು ಆಯಿತು. ಈ ತೊಡಕಿಲ್ಲದೆ ನೆನಪನ್ನು ಉಳಿಸುವ ಮಾರ್ಗಗಳು ಭಾಷೆಯಲ್ಲಿಯೇ ಇವೆ.

ಮೊದಲನೆಯ ಮಾರ್ಗ ಅರ್ಥಸಾಮ್ಯ. ಅಜ್ಜ ಚಂದ್ರಶೇಖರಪ್ಪನಾಗಿದ್ದರೆ ಮೊಮ್ಮಗ ಶಶಿಶೇಖರ, ಇಂದುಶೇಖರ ಅಥವಾ ಚಂದ್ರಮೌಳಿ ಆಗಬಹುದು. ತಲೆಯಲ್ಲಿ ಚಂದ್ರನನ್ನು ಧರಿಸಿದವನೆಂಬ ಅರ್ಥ ಒಂದೇ. ಅಜ್ಜಿ ಪಾರ್ವತಮ್ಮನಾದರೆ ಮೊಮ್ಮಗಳು ಗಿರಿಜೆ ಅಥವಾ ಶೈಲಜೆ. ಪರ್ವತನ ಮಗಳೆಂಬ ಭಾವ ಬದಲಾಗದು. ಎರಡನೆಯದು ತತ್ಸಮ ತದ್ಭವಗಳ ಮಾರ್ಗ. ಸಂಸ್ಕೃತದ ವೃಷಭವೇ ಕನ್ನಡದ ಬಸವ. ಆದುದರಿಂದ ಬಸಪ್ಪನ ಮೊಮ್ಮಗ ವೃಷಭೇಂದ್ರನಾದರೆ ಹೆಸರು ಹೊಸದು, ಬೇರು ಹಳೆಯದು. ಈರಪ್ಪನ ಹೆಸರಿನಲ್ಲಿರುವ ಈರ ಶಬ್ದವು ವೀರ ಶಬ್ದದ ರೂಪವೇ ಆದುದರಿಂದ ವೀರೇಶನಲ್ಲಿ ಅವನು ಉಳಿಯುತ್ತಾನೆ. ಮೂರನೆಯದು ಹೆಸರಿನ ಒಂದು ಭಾಗವನ್ನು ಉಳಿಸಿಕೊಳ್ಳುವುದು. ಸಿದ್ದಪ್ಪನಿಂದ ಸಿದ್ಧರಾಮ, ಮಲ್ಲಪ್ಪನಿಂದ ಮಲ್ಲಿಕಾರ್ಜುನ, ಮಹಾದೇವಪ್ಪನ ಮೊಮ್ಮಗಳಿಗೆ ಅಕ್ಕನ ಹೆಸರೇ ಆದ ಮಹಾದೇವಿ.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಅಜ್ಜನ ಹೆಸರಿಗಾಗಿ ಚರ್ಚೆ ನಡೆಯುವ ಮನೆಗಳಲ್ಲಿ ಅಜ್ಜಿಯ ಹೆಸರನ್ನು ಕೇಳುವವರೇ ಇರುವುದಿಲ್ಲ. ತಾಯಿಯ ತವರಿನ ಹಿರಿಯರಂತೂ ನೆನಪಿಗೇ ಬರುವುದಿಲ್ಲ. ಹೆಣ್ಣು ಗಂಡೆಂಬ ಭೇದವನ್ನು ಆತ್ಮದಲ್ಲಿ ಕಾಣದ ಶರಣರ ಮಕ್ಕಳಿಗೆ ಇದು ಒಪ್ಪುವುದಿಲ್ಲ. ಗಂಗಾಂಬಿಕೆಯು ತನ್ನ ಅಂಕಿತದಲ್ಲಿ ‘ಗಂಗಾಪ್ರಿಯ’ ಎಂದು ತನ್ನ ಹೆಸರನ್ನೂ ಸೇರಿಸಿಕೊಂಡಳು. ಶಿವನ ನಾಮಗಳೇ ಇದಕ್ಕೆ ದಾರಿ ಮಾಡಿಕೊಡುತ್ತವೆ. ಗಂಗಮ್ಮನ ಮೊಮ್ಮಗ ಗಂಗಾಧರ, ನೀಲಮ್ಮನ ಮೊಮ್ಮಗ ನೀಲಕಂಠ, ಗೌರಮ್ಮನ ಮೊಮ್ಮಗ ಗೌರೀಶ ಆಗಬಹುದು. ಅಜ್ಜಿಯ ಹೆಸರು ಗಂಡುಮಗುವಿಗೆ ಸಲ್ಲದೆಂಬ ನೆವ ಇನ್ನು ನಿಲ್ಲದು.

ಇಷ್ಟಾದರೂ ಕೆಲವು ಹೆಸರುಗಳ ವಿಷಯದಲ್ಲಿ ನಾಚಿಕೆ ಅಡ್ಡಬರುತ್ತದೆ. ತಿಪ್ಪಣ್ಣನೆಂಬ ಅಜ್ಜನಿದ್ದ ಮನೆಯೊಂದನ್ನು ಭಾವಿಸೋಣ. ಮಗನು ಓದಿ ಪಟ್ಟಣದಲ್ಲಿ ಕೆಲಸಕ್ಕಿದ್ದಾನೆ. ತನಗೆ ಗಂಡುಮಗುವಾದಾಗ ತಾಯಿಯ ಮನಸ್ಸನ್ನರಿತು, “ಅವ್ವಾ, ಅಪ್ಪನ ಮೇಲೆ ನನಗೆ ಪ್ರೀತಿಯಿಲ್ಲವೆಂದಲ್ಲ. ಆದರೆ ತಿಪ್ಪೆಯ ಹೆಸರನ್ನು ಮಗುವಿಗೆ ಹೇಗೆ ಇಡಲಿ?” ಎನ್ನುತ್ತಾನೆ. ತಾಯಿ ಸಿಟ್ಟಾಗುವುದಿಲ್ಲ. “ಆ ಹೆಸರು ಹೇಗೆ ಬಂತೆಂದು ನೀನು ಎಂದಾದರೂ ಕೇಳಿದ್ದೆಯಾ ಮಗಾ?” ಎಂದು ಅತ್ತೆಯಿಂದ ತಾನು ಕೇಳಿದ್ದನ್ನು ಹೇಳುತ್ತಾಳೆ. ಅತ್ತೆಗೆ ಮೊದಲು ಹುಟ್ಟಿದ ಮೂರು ಕೂಸುಗಳು ತೊಟ್ಟಿಲಿನಲ್ಲಿಯೇ ಕಣ್ಣು ಮುಚ್ಚಿದವು. ನಾಲ್ಕನೆಯದನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ, ಬೇಡವಾಗಿ ಬಿಸುಟ ಕೂಸೆಂದು ಹೇಳಿ ಎತ್ತಿಕೊಂಡು ಬಂದರು. ಸಾವಿನ ಕಣ್ಣು ಅದರ ಮೇಲೆ ಬೀಳದಿರಲೆಂಬುದು ಆ ತಾಯಿಯ ಆಸೆ. ಆ ಕೂಸೇ ತಿಪ್ಪಣ್ಣ.

ಸಾವನ್ನು ವಂಚಿಸುವೆನೆಂಬ ಆ ನಂಬಿಕೆಯನ್ನು ಶರಣಧರ್ಮ ಒಪ್ಪುವುದಿಲ್ಲ. ಆದರೆ ಆ ಹೆಸರಿನೊಳಗಿರುವ ಕಣ್ಣೀರನ್ನು ಹೀಗಳೆಯುವುದನ್ನೂ ಒಪ್ಪುವುದಿಲ್ಲ. ಮೂರು ಕೂಸುಗಳನ್ನು ಕಳೆದುಕೊಂಡ ತಾಯಿಯೊಬ್ಬಳ ಗುರುತು ಈ ಲೋಕದಲ್ಲಿ ಉಳಿದಿದ್ದರೆ ಅದು ಆ ಹೆಸರಿನಲ್ಲಿ ಮಾತ್ರ. ಮಗನಿಗೆ ಇದು ಅರಿವಾಗುತ್ತದೆ. ಚಿತ್ರದುರ್ಗ ಸೀಮೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಹೆಸರು ನೆನಪಾಗುತ್ತದೆ. ಲೋಕ ಕೈಮುಗಿಯುವ ಮಹಿಮರ ಹೆಸರಿನಲ್ಲಿಯೇ ಆ ಶಬ್ದವಿರುವಾಗ ನಾಚಿಕೆ ಏತಕ್ಕೆ? ಮಗುವಿಗೆ ತಿಪ್ಪೇರುದ್ರನೆಂದು ಹೆಸರಾಗುತ್ತದೆ, ಕರೆಯುವುದಕ್ಕೆ ರುದ್ರ. ಸೋದರತ್ತೆಯು ಮಗುವಿನ ಕಿವಿಯಲ್ಲಿ ಹೆಸರನ್ನುಸುರಿ ನೆರೆದವರಿಗೆ ಹೇಳಿದಾಗ, ಗಂಡನ ಹೆಸರನ್ನು ಬಾಳಿಡೀ ನಾಲಗೆಯ ಮೇಲೆ ತಾರದಿದ್ದ ಆ ವೃದ್ಧೆ, “ಇನ್ನೊಮ್ಮೆ ಹೇಳವ್ವಾ” ಎನ್ನುತ್ತಾಳೆ.

ಆದುದರಿಂದ ಹೆಸರನ್ನು ಬದಲಿಸುವ ಮುನ್ನ ಅದರ ಕಥೆಯನ್ನು ಮನೆಯ ಹಿರಿಯರಿಂದ ಕೇಳಿ ತಿಳಿಯತಕ್ಕದ್ದು. ಗೌರವವು ಸೂಕ್ಷ್ಮವಾಗಿರಲಿ, ಆದರೆ ಯಾರಿಗೂ ತಿಳಿಯದಷ್ಟು ಗುಪ್ತವಾಗಿರಬಾರದು. ವೃಷಭೇಂದ್ರನಲ್ಲಿ ಬಸಪ್ಪನಿದ್ದಾನೆಂದು ಅಜ್ಜಿಗೆ ಬಿಡಿಸಿ ಹೇಳದಿದ್ದರೆ ಅವಳಿಗೆ ಸಮಾಧಾನವಾಗುವುದೆಂತು? ಮಗು ಬೆಳೆದಂತೆ ಅದಕ್ಕೂ ಹೇಳಬೇಕು. ಅವಸರಪಡಬೇಕಾದ ಕಾರಣವೂ ಇಲ್ಲ. 1969ರ ಜನನ ಮರಣ ನೋಂದಣಿ ಅಧಿನಿಯಮದ 14ನೆಯ ಪ್ರಕರಣದಂತೆ, ಹೆಸರಿಲ್ಲದೆ ಜನನವನ್ನು ನೋಂದಾಯಿಸಿ ಹೆಸರನ್ನು ತರುವಾಯ ಸೇರಿಸಲು ಅವಕಾಶವಿದೆ. ಕರೆಯುವ ಹೆಸರು ಏನೇ ಇರಲಿ, ದಾಖಲೆಗಳಲ್ಲೆಲ್ಲ ಪೂರ್ಣನಾಮವನ್ನು ಒಂದೇ ರೀತಿಯಾಗಿ ಬರೆಯಿಸುವುದು ಲೇಸು.

ಕಡೆಯದಾಗಿ, ಹೆಸರು ಗೌರವದ ಆರಂಭವೇ ಹೊರತು ಮುಕ್ತಾಯವಲ್ಲ. ಕಲ್ಯಾಣದಲ್ಲಿ ಮಾರಯ್ಯನೆಂಬ ಹೆಸರಿನವರು ಒಬ್ಬರೇ ಇರಲಿಲ್ಲ. ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವನು ಆಯ್ದಕ್ಕಿ ಮಾರಯ್ಯನಾದನು; ಕಟ್ಟಿಗೆಯ ಹೊರೆ ಹೊತ್ತು ಮಾರಿದವನು ಮೋಳಿಗೆ ಮಾರಯ್ಯನಾದನು. ಹೆಸರು ಒಂದೇ, ಲೋಕ ಅವರನ್ನು ಗುರುತಿಸಿದ್ದು ಅವರವರ ಕಾಯಕದಿಂದ. ಅಜ್ಜನ ಹೆಸರನ್ನು ಹೊತ್ತ ಮೊಮ್ಮಗ ಅಜ್ಜನ ಪ್ರತಿಬಿಂಬವಾಗಬೇಕಾಗಿಲ್ಲ. ಅಜ್ಜನ ಸಾಧನೆಯನ್ನು ಹೇಳಿ ಅವನನ್ನು ಹಂಗಿಸಲೂ ಬಾರದು. ಅಜ್ಜನ ಸತ್ಯಶುದ್ಧ ನಡೆಯನ್ನು ಅವನಿಗೆ ತಿಳಿಸಿ, ಅವನ ಕಾಯಕವನ್ನು ಅವನೇ ಕಂಡುಕೊಳ್ಳಲು ಬಿಡಬೇಕು. ಆ ಕಾಯಕ ಶುದ್ಧವಾಗಿದ್ದರೆ, ಅವನ ಹೆಸರಿನಲ್ಲಿ ಅಜ್ಜನ ಹೆಸರಿನ ಒಂದಕ್ಷರವಿಲ್ಲದಿದ್ದರೂ ಅಜ್ಜನಿಗೆ ಸಲ್ಲಬೇಕಾದ ಗೌರವ ಸಂದಂತೆಯೇ ಸರಿ.