ಮಗ್ಗಕ್ಕೆ ಹಾಸು ಏರುವ ಮುಂಚೆ

ಸಾಹೇಬರು ಕರೆದು, "ನಿನ್ನ ಬಿಟ್ಟರೆ ಇದನ್ನ ನೋಡ್ಕೊಳೋರು ಇನ್ಯಾರಿದಾರಪ್ಪ?" ಅಂದರೆ ಸಾಕು, ನಿನ್ನ ಎದೆ ಉಬ್ಬಿಬಿಡುತ್ತೆ. "ಆಗಲಿ ಸಾರ್" ಅನ್ನೋ ಮಾತು ಆಗಲೇ ಬಾಯಿ ದಾಟಿರುತ್ತೆ. ಮೂರು ತಿಂಗಳು ಕಳೆದ ಮೇಲೆ ಮನೆಗೆ ಬಂದು ಮುಖ ಊದಿಸಿಕೊಂಡು ಕೂರ್ತೀಯ: ಇಬ್ಬರ ಕೆಲಸ, ಒಬ್ಬರ ಸಂಬಳ, ಹುದ್ದೆಯ ಹೆಸರೂ ಅದೇ. ಮಗಾ, ನಿನ್ನ ಕೈ ಚುರುಕು, ನನಗೆ ಗೊತ್ತು. ನಾಲಿಗೆ ಅದಕ್ಕಿಂತ ಚುರುಕು. ಅಲ್ಲೇ ಬಂದಿರೋದು ತೊಂದರೆ.

ನಮ್ಮ ಕೊಳ್ಳೇಗಾಲದ ಯಾವುದಾದರೂ ಮಗ್ಗದ ಮನೆಯಲ್ಲಿ ಒಂದು ಗಳಿಗೆ ಕೂತು ನೋಡು. ರೇಷ್ಮೆ ನೇಯುವವರಿಗೆ ಸೀರೆಗಿಷ್ಟು ಅಂತ ಕೂಲಿ. ಮೈ ಸಾದಾ ಇದ್ದರೆ ಒಂದು ಲೆಕ್ಕ, ಬುಟ್ಟಾ ಹಾಕಬೇಕೆಂದರೆ ಇನ್ನೊಂದು. ಈ ಮಾತು ಹಾಸು ಮಗ್ಗಕ್ಕೇರುವ ಮುಂಚೆಯೇ ಮುಗಿಯಬೇಕು. ಅರ್ಧ ಸೀರೆ ನೇಯ್ದ ಮೇಲೆ ಕೇಳಿದರೆ ಧಣಿಗೂ ಕೋಪ, ನೇಯುವವನಿಗೂ ಸಂಕಟ. ಸಹಿ ಹಾಕಲು ಬಾರದ ಹಿರಿಯರೂ ಇದರಲ್ಲಿ ತಪ್ಪುತ್ತಿರಲಿಲ್ಲ. ಡಿಗ್ರಿ ಮಾಡಿದ ನೀನು ತಪ್ಪುತ್ತೀಯ.

ನಾನು ರೇಷ್ಮೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಗೋದಾಮು ನೋಡುವವರು ಬಿಟ್ಟು ಹೋದರು. "ಸ್ವಲ್ಪ ದಿನ ನೋಡ್ಕೋ" ಅಂದರು ಧಣಿ. ಆ ಸ್ವಲ್ಪ ದಿನ ಎಂಟು ವರ್ಷವಾಯಿತು. ಕೊನೆಗೆ ಬಾಯಿಬಿಟ್ಟು ಕೇಳಿದರೆ, "ಮೊದಲಿಂದಲೂ ಅದು ನಿನ್ನದೇ ಕೆಲಸ ಅಲ್ವಾ?" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತೆ. ನಿನಗೆ ಅದು ಬರಬಾರದು.

ಹಾಗಂತ ಎಲ್ಲಕ್ಕೂ ತಕ್ಕಡಿ ಹಿಡಿಯಬೇಡ. ಪಕ್ಕದ ಮೇಜಿನವಳು ಹೆರಿಗೆ ರಜೆಗೆ ಹೋದಾಗ ಅವಳ ಫೈಲು ನೋಡಿಕೊಳ್ಳೋದು ಮನುಷ್ಯತ್ವ. ಅದಕ್ಕೆ ಕೂಲಿ ಕೇಳಬೇಡ. ತಿರುಗಿ ಹೋಗದ ಕೆಲಸ ಹೆಗಲೇರಿದಾಗ ಮಾತ್ರ ಕೇಳು.

ಹೇಗೆ ಕೇಳಬೇಕು ಅಂದರೆ, ಹನೂರು ಕಡೆಯ ಒಬ್ಬ ಹುಡುಗಿ ಕೇಳಿದ ಹಾಗೆ. ಮಹಿಳಾ ಸಂಘಗಳ ಸಾಲ ವಸೂಲಿ ಅವಳ ಕೆಲಸ. ಕೌದಳ್ಳಿ, ರಾಮಾಪುರ ಸುತ್ತುತ್ತಿದ್ದವಳಿಗೆ ಮಾರ್ಟಳ್ಳಿಯನ್ನೂ ಅಂಟಿಸಿದರು. "ಹದಿನೈದು ದಿನ ಮಾಡಿ ನೋಡ್ತೀನಿ, ಆಮೇಲೆ ಕೂತು ಮಾತಾಡೋಣ ಸಾರ್" ಅಂತ ಅವತ್ತೇ ಹೇಳಿಟ್ಟಳು. ಎಷ್ಟು ಸಂಘ, ಎಷ್ಟು ಕಿಲೋಮೀಟರು, ಎಷ್ಟು ಪೆಟ್ರೋಲು, ಮನೆ ಸೇರಿದ್ದು ಎಷ್ಟು ಹೊತ್ತಿಗೆ, ಎಲ್ಲ ಒಂದು ಪುಸ್ತಕದಲ್ಲಿ ಬರೆದಳು. ಗುರಿ ಮುಟ್ಟಿದ ಮಾರನೇ ದಿನವೇ ಆ ಪುಸ್ತಕ ಮುಂದಿಟ್ಟಳು. "ಬಡ್ತಿ ಈಗ ಆಗಲ್ಲಮ್ಮ" ಅಂದರು. "ಸರಿ ಸಾರ್. ಪೆಟ್ರೋಲ್ ಭತ್ಯೆ ಕೊಡಿ, ಹಳೇ ನಾಲ್ಕು ಸಂಘ ಬೇರೆಯವರಿಗೆ ವಹಿಸಿ. ಬಡ್ತಿ ಮಾತು ಯಾವ ತಿಂಗಳು ಆಡೋಣ, ಹೇಳಿ" ಅಂದಳು. ಮೊದಲೆರಡು ಸಿಕ್ಕವು, ಮೂರನೆಯದಕ್ಕೆ ತಾರೀಖು ಸಿಕ್ಕಿತು. ದನಿ ಏರಿಸಲಿಲ್ಲ, ರಾಜೀನಾಮೆಯ ಬೆದರಿಕೆ ಹಾಕಲಿಲ್ಲ. ಇನ್ನೊಂದು ಕೆಲಸ ಕೈಯಲ್ಲಿಲ್ಲದೆ ನೀನೂ ಹಾಕಬೇಡ.

ಕೇಳಿದರೆ ದುರಾಸೆ ಅಂದಾರು ಅಂತ ಅಳುಕೇ? ಸರ್ಕಾರವೇ ಒಪ್ಪಿಕೊಂಡ ನ್ಯಾಯ ಇದು. ಕರ್ನಾಟಕ ನಾಗರಿಕ ಸೇವಾ ನಿಯಮಗಳ 68ನೇ ನಿಯಮದಲ್ಲಿ, ಇನ್ನೊಂದು ಹುದ್ದೆಯ ಹೆಚ್ಚುವರಿ ಪ್ರಭಾರ ಹೊತ್ತವರಿಗೆ ಪ್ರಭಾರ ಭತ್ಯೆ ಅಂತಲೇ ಇದೆ.

ಒಪ್ಪಿಕೊಂಡದ್ದನ್ನು ಮಾತ್ರ ಬಾಯಿಮಾತಿಗೆ ಬಿಡಬೇಡ. ಯಳಂದೂರಿನ ಮೇಲೆ ಓಡಾಡುವಾಗ ನೆನಪಿಸಿಕೋ: ದಿವಾನ್ ಪೂರ್ಣಯ್ಯನವರ ಸೇವೆಗೆ ಆ ಊರು 1807ರಲ್ಲಿ ಜಹಗೀರಾಗಿ ಬಂತು, ಅದೂ ಸನ್ನದಿನ ಮೇಲೆ. ವ್ಯಾಪಾರಿಯ ಅಂಗಡಿಯಲ್ಲಿ ಲೆಕ್ಕ ಬರೆದು ಮೇಲೆ ಬಂದವರು ಅವರು. ಕಾಗದದ ಬೆಲೆ ಅವರಿಗೆ ಗೊತ್ತಿರದೆ ಇದ್ದೀತೆ? ನಿನಗೆ ಒಂದು ಇ-ಮೇಲ್ ಸಾಕು. "ಇವತ್ತು ಮಾತಾಡಿದ್ದು ಹೀಗೆ" ಅಂತ ಅವತ್ತು ಸಂಜೆಯೇ ನೀನೇ ಬರೆದು ಕಳಿಸು. ನೀನು ಎರಡು ಸಲ ಕೇಳಿದರೂ, ಎರಡು ಸಲವೂ ಅವರು ಮಾತು ನುಂಗಿದರು ಅಂತಿಟ್ಟುಕೋ. ಕಲಿತ ಹೊಸ ಕೆಲಸ ನಿನ್ನದೇ ತಾನೆ, ಅದನ್ನು ಕಟ್ಟಿಕೊಂಡು ಬೇರೆ ಬಾಗಿಲು ತಟ್ಟು.

ಸೋಮವಾರ ಸಾಹೇಬರು ಕರೆದರೆ, "ಮಾಡ್ತೀನಿ ಸಾರ್, ಒಂದು ದಿನ ಕೊಡಿ, ಏನೇನು ಸೇರುತ್ತೆ ಅಂತ ಬರ್ಕೊಂಡು ಬರ್ತೀನಿ" ಅನ್ನು. ಅಷ್ಟು ಹೇಳಿ ಹೊರಗೆ ಬಂದು, ನನಗೊಂದು ಫೋನ್ ಮಾಡು.