ಪದಕ್ರಮ ಮತ್ತು ಕ್ರಿಯಾಪದ: ಮಂಡ್ಯ ಸೀಮೆಯ ಕನ್ನಡದ ಮೂಲಕ ಇಂಗ್ಲಿಷ್ ಕಲಿಕೆ

ಪ್ರಸ್ತಾವನೆ

ಇಂಗ್ಲಿಷ್ ಬೋಧನೆಯು ಇಂಗ್ಲಿಷ್ ವಿಭಾಗಕ್ಕೆ ಮಾತ್ರ ಸೇರಿದ ಹೊಣೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ವಿದ್ವತ್ ಪರಂಪರೆ ಇದಕ್ಕಿಂತ ಭಿನ್ನವಾದುದು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮೂಲದ ಬಿ.ಎಂ.ಶ್ರೀ., ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ ಇಬ್ಬರೂ ಇಂಗ್ಲಿಷ್ ಅಧ್ಯಾಪಕರಾಗಿದ್ದುಕೊಂಡೇ ಕನ್ನಡವನ್ನು ಬೆಳೆಸಿದವರು. 1926ರ ‘ಇಂಗ್ಲಿಷ್ ಗೀತಗಳು’ ಎರಡೂ ಭಾಷೆಗಳ ಜಾಯಮಾನವನ್ನು ಅರಿತುದರ ಫಲ. ಇಂದು ಇದೇ ಸೀಮೆಯ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಪದವಿ ತರಗತಿಗೆ ಬರುವಾಗ ಇಂಗ್ಲಿಷ್ ಪದಗಳನ್ನು ಬಲ್ಲವನಾಗಿರುತ್ತಾನೆ. ವಾಕ್ಯ ಕಟ್ಟುವಲ್ಲಿ ಎಡವುತ್ತಾನೆ. ತನ್ನ ಕನ್ನಡವೇ ಇದಕ್ಕೆ ಅಡ್ಡಿಯೆಂದು ಭಾವಿಸುತ್ತಾನೆ. ಆ ಕನ್ನಡವೇ ಇಂಗ್ಲಿಷಿಗೆ ಏಣಿಯಾಗಬಲ್ಲದೆಂದು ತೋರಿಸುವುದು ಈ ಲೇಖನದ ಉದ್ದೇಶ.

1. ಪದಕ್ರಮ

‘ಚಿರತೆ ಕರುವನ್ನು ಹಿಡಿಯಿತು’, ‘ಕರುವನ್ನು ಚಿರತೆ ಹಿಡಿಯಿತು’ ಎಂಬ ಎರಡು ವಾಕ್ಯಗಳಲ್ಲಿ ಒತ್ತು ಬದಲಾದರೂ ಅರ್ಥ ಕೆಡುವುದಿಲ್ಲ. ಕರ್ಮವನ್ನು ಗುರುತಿಸುವ ಕೆಲಸವನ್ನು ‘ಅನ್ನು’ ಪ್ರತ್ಯಯವು ವಹಿಸಿಕೊಂಡಿದೆ. ‘ದ ಲೆಪರ್ಡ್ ಕಾಟ್ ದ ಕಾಫ್’ ಎಂಬಲ್ಲಿ ನಾಮಪದಗಳನ್ನು ಅದಲುಬದಲು ಮಾಡಿದರೆ ಕರುವೇ ಚಿರತೆಯನ್ನು ಹಿಡಿದಂತಾಗುತ್ತದೆ. ಕನ್ನಡದಲ್ಲಿ ವಿಭಕ್ತಿ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಸ್ಥಾನ ಮಾಡುತ್ತದೆ. ಈ ಒಂದು ಮಾತು ಮನದಟ್ಟಾದರೆ ಪದಕ್ರಮವನ್ನು ಬಾಯಿಪಾಠ ಮಾಡುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ.

‘ಅವನು ನಾಳೆ ನಾಗಮಂಗಲದ ಸಂತೆಗೆ ಹೋಗುತ್ತಾನೆ’ ಎಂಬ ವಾಕ್ಯವನ್ನು ಗಮನಿಸಬಹುದು. ಕರ್ತೃವನ್ನು ಮೊದಲಿಗೆ ಇರಿಸಿ ಉಳಿದುದನ್ನು ಕೊನೆಯಿಂದ ಓದಿದರೆ ‘ಹೋಗುತ್ತಾನೆ–ಗೆ–ಸಂತೆ–ದ–ನಾಗಮಂಗಲ–ನಾಳೆ’ ಎಂದಾಗುತ್ತದೆ. ‘ಹಿ ವಿಲ್ ಗೋ ಟು ದ ಮಾರ್ಕೆಟ್ ಅಟ್ ನಾಗಮಂಗಲ ಟುಮಾರೋ’ ಎಂಬುದರ ಕ್ರಮವೂ ಇದೇ. ಗುಣವಾಚಕಗಳಿಗೆ ಈ ತಿರುವು ಅನ್ವಯಿಸದು. ‘ದೊಡ್ಡ ಸಂತೆ’ ಎರಡೂ ಭಾಷೆಗಳಲ್ಲಿ ಒಂದೇ ಕ್ರಮದಲ್ಲಿರುತ್ತದೆ.

2. ಫ್ರೇಸಲ್ ವರ್ಬ್ ಮತ್ತು ಸಂಯುಕ್ತ ಕ್ರಿಯಾಪದ

ಕ್ರಿಯಾಪದದ ಜೊತೆಗೆ ‘ಅಪ್’, ‘ಆಫ್’ ಮೊದಲಾದ ಕಿರುಪದ ಸೇರಿ ಹೊಸ ಅರ್ಥ ಹುಟ್ಟುವ ಫ್ರೇಸಲ್ ವರ್ಬ್‌ಗಳು ವಿದ್ಯಾರ್ಥಿಗಳಿಗೆ ಕಠಿಣವೆನಿಸುತ್ತವೆ. ಆದರೆ ‘ನೋಡು’ ಎಂಬುದು ‘ನೋಡಿಕೊ’ ಆದಾಗ ಪಾಲನೆಯ ಅರ್ಥ ಬರುವಂತೆಯೇ ‘ಲುಕ್’ ಎಂಬುದು ‘ಲುಕ್ ಆಫ್ಟರ್’ ಆಗುತ್ತದೆ. ‘ತಿಂದುಹಾಕು’ ಎಂಬುದಕ್ಕೆ ‘ಈಟ್ ಅಪ್’, ‘ಮುಂದಕ್ಕೆ ಹಾಕು’ ಎಂಬುದಕ್ಕೆ ‘ಪುಟ್ ಆಫ್’ ಸಮೀಪದ ರೂಪಗಳು. ವ್ಯತ್ಯಾಸವನ್ನೂ ತಿಳಿಸಬೇಕು. ‘ತಿಂದುಹಾಕಿದ’ ಎಂಬಲ್ಲಿ ಎರಡನೆಯ ಪದ ಕಾಲವನ್ನು ಹೊರುತ್ತದೆ. ‘ಏಟ್ ಅಪ್’ ಎಂಬಲ್ಲಿ ಮೊದಲನೆಯದು.

ಈ ಸೀಮೆಯ ಆಡುಮಾತು ಇನ್ನೂ ಮುಂದೆ ಹೋಗಿದೆ. ‘ಪಂಪ್‌ಸೆಟ್ ಆಫ್ ಮಾಡ್ಬುಡು’ ಎನ್ನುವ ರೈತನು ‘ಸ್ವಿಚ್ ಆಫ್’ ಎಂಬುದರ ಕ್ರಿಯಾಪದವನ್ನು ಕೈಬಿಟ್ಟು ಕಿರುಪದವನ್ನಷ್ಟೇ ಉಳಿಸಿಕೊಂಡಿದ್ದಾನೆ. ಅದಕ್ಕೆ ‘ಮಾಡು’ ಸೇರಿಸಿ, ಪೂರ್ಣತೆಗಾಗಿ ‘ಬಿಡು’ವಿನ ಪ್ರಾದೇಶಿಕ ರೂಪವಾದ ‘ಬುಡು’ವನ್ನು ಹಚ್ಚಿದ್ದಾನೆ. ಅರ್ಥದ ಭಾರ ಕಿರುಪದದ ಮೇಲಿದೆಯೆಂಬ ತಿಳಿವಳಿಕೆ ಆ ಮನೆಯ ಮಗುವಿಗೆ ಶಾಲೆಗೆ ಮೊದಲೇ ದಕ್ಕಿರುತ್ತದೆ.

3. ಅಭ್ಯಾಸಕ್ರಮ

ಮಧ್ಯಮ ಹಂತದ ಕಲಿಕೆಗೆ ಮೂರು ಅಭ್ಯಾಸಗಳನ್ನು ಸೂಚಿಸಬಹುದು. ಮೊದಲನೆಯದು, ಕನ್ನಡ ವಾಕ್ಯದ ಪದಗಳನ್ನು ಸ್ಥಾನ ಬದಲಿಸಿ ಬರೆದು, ಅವೆಲ್ಲವಕ್ಕೂ ಸಲ್ಲುವ ಒಂದು ಇಂಗ್ಲಿಷ್ ವಾಕ್ಯವನ್ನು ಕಟ್ಟುವುದು. ಎರಡನೆಯದು, ಮನೆಮಾತಿನ ಸಂಯುಕ್ತ ಕ್ರಿಯಾಪದಗಳನ್ನು ಸಂಗ್ರಹಿಸಿ ಅವುಗಳ ಸಂವಾದಿ ರೂಪಗಳನ್ನು ಹುಡುಕುವುದು. ಮೂರನೆಯದು ಸರ್ವನಾಮದ ಅಭ್ಯಾಸ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸಾಧು. ಸರ್ವನಾಮ ಬಂದಾಗ ‘ಪುಟ್ ಇಟ್ ಆಫ್’ ಮಾತ್ರ ಸಾಧು. ‘ಲುಕ್ ಆಫ್ಟರ್ ಇಟ್’ ಎಂಬಲ್ಲಿ ಹೀಗೆ ಬಿಡಿಸಲಾಗದು. ಕನ್ನಡದಲ್ಲಿ ಸಂವಾದಿ ನಿಯಮವಿಲ್ಲದ ಕಾರಣ ಹೆಚ್ಚಿನ ಅಭ್ಯಾಸ ಬೇಕಾದುದು ಇಲ್ಲಿಯೇ.

ಉಪಸಂಹಾರ

ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಕಲಿಕೆಯ ವರ್ಷಗಳನ್ನು ಹೆಚ್ಚಿಸಿದಷ್ಟಕ್ಕೇ ವಾಕ್ಯರಚನೆಯ ತೊಡಕು ನೀಗದು. ವಿಭಕ್ತಿ, ಸಂಯುಕ್ತ ಕ್ರಿಯಾಪದಗಳನ್ನು ಪಾಠ ಹೇಳುವ ಕನ್ನಡ ಅಧ್ಯಾಪಕರು ಅದೇ ತರಗತಿಯಲ್ಲಿ ಒಂದೆರಡು ಇಂಗ್ಲಿಷ್ ವಾಕ್ಯಗಳನ್ನು ಪಕ್ಕದಲ್ಲಿಟ್ಟು ತೋರಿಸಿದರೆ ವಿದ್ಯಾರ್ಥಿಗೆ ಇಂಗ್ಲಿಷಿನ ಅಂಜಿಕೆ ತಗ್ಗುತ್ತದೆ. ತನ್ನ ಆಡುಮಾತಿನ ಬಗೆಗಿನ ಕೀಳರಿಮೆಯೂ ಅದರೊಂದಿಗೇ ಕಳೆಯುತ್ತದೆ.