ಅಪೌಷ್ಟಿಕ ಮಕ್ಕಳಲ್ಲಿ ಬ್ಯಾಕ್ಟೀರಿಯಾ ನ್ಯುಮೋನಿಯಾ

ನ್ಯುಮೋನಿಯಾ ಶ್ವಾಸಕೋಶದ ಗಾಳಿಚೀಲಗಳ ಸೋಂಕು. ಮಕ್ಕಳಲ್ಲಿ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾಕ್ಕೆ ಮುಖ್ಯ ಕಾರಣ ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ. ಹಿಮೋಫಿಲಸ್ ಇನ್‌ಫ್ಲುಯೆಂಜೆ ಟೈಪ್ ಬಿ ನಂತರದ್ದು. ತೀವ್ರ ಅಪೌಷ್ಟಿಕತೆಯಿರುವ ಮಗುವಿನಲ್ಲಿ ಕ್ಲೆಬ್ಸಿಯೆಲ್ಲಾ, ಸ್ಟೆಫೈಲೊಕಾಕಸ್ ಆರಿಯಸ್‌ಗಳ ಪಾಲೂ ಹೆಚ್ಚುತ್ತದೆ.

ಪೋಷಕಾಂಶದ ಕೊರತೆಯಿಂದ ಥೈಮಸ್ ಗ್ರಂಥಿ ಕುಗ್ಗಿ, ರೋಗನಿರೋಧಕ ಶಕ್ತಿ ತಗ್ಗುತ್ತದೆ. ಇಂಥ ಮಗುವಿಗೆ ಜ್ವರ ಬಾರದಿರಬಹುದು. ಸ್ನಾಯು ಸೊರಗಿರುವುದರಿಂದ ಪಕ್ಕೆ ಸೆಳೆತವೂ ಎದ್ದು ಕಾಣದಿರಬಹುದು. ಜ್ವರವಿಲ್ಲವೆಂದು ನಿರಾಳವಾಗುವುದೇ ಇಲ್ಲಿ ದೊಡ್ಡ ಅಪಾಯ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು: 2 ತಿಂಗಳೊಳಗೆ 60, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರಾಟ.

ಕಲ್ಯಾಣ ಕರ್ನಾಟಕದಲ್ಲಿ ಮಕ್ಕಳ ಅಪೌಷ್ಟಿಕತೆ ಹಳೆಯ ಸಮಸ್ಯೆ. ಚಳಿಗಾಲದ ಥಂಡಿಯಲ್ಲಿ ಬಾಗಿಲು ಮುಚ್ಚಿದ ಮನೆಯೊಳಗಿನ ಕಟ್ಟಿಗೆ ಒಲೆಯ ಹೊಗೆ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಜೊತೆಗೆ ನ್ಯುಮೋನಿಯಾವೂ ಇದ್ದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಸೇರಿಸಬೇಕು. ಅಲ್ಲಿ ಆ್ಯಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಚುಚ್ಚುಮದ್ದು, ಅಗತ್ಯಬಿದ್ದರೆ ಆಮ್ಲಜನಕ, ಎಚ್ಚರಿಕೆಯಿಂದ ಹಂತಹಂತವಾಗಿ ಆಹಾರ ನೀಡಲಾಗುತ್ತದೆ. ಮುಂದಿನ ಪೋಷಣೆ ಪೌಷ್ಟಿಕ ಪುನಶ್ಚೇತನ ಕೇಂದ್ರದ್ದು.

ಮೊದಲ 6 ತಿಂಗಳು ಎದೆಹಾಲು ಮಾತ್ರ ಕೊಡುವುದು ಉತ್ತಮ ರಕ್ಷಣೆ. ಹಿಮೋಫಿಲಸ್ ಟೈಪ್ ಬಿ ತಡೆಯುವ ಪೆಂಟಾವೇಲೆಂಟ್ ಲಸಿಕೆ 6, 10, 14ನೇ ವಾರಗಳಲ್ಲಿ. ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ ತಡೆಯುವ ಪಿಸಿವಿ ಲಸಿಕೆ 6, 14ನೇ ವಾರ ಮತ್ತು 9ನೇ ತಿಂಗಳಲ್ಲಿ. ಭಾರತದಲ್ಲಿ ಪಿಸಿವಿ 2017ರಲ್ಲಿ ಆರಂಭವಾಗಿ 2021ರಲ್ಲಿ ದೇಶವ್ಯಾಪಿಯಾಯಿತು. ಮಕ್ಕಳ ನ್ಯುಮೋನಿಯಾ ತಡೆಗಟ್ಟುವ ‘ಸಾನ್ಸ್’ ಅಭಿಯಾನ ಆರಂಭವಾದದ್ದು 2019ರಲ್ಲಿ. ವಿಶ್ವ ನ್ಯುಮೋನಿಯಾ ದಿನ ನವೆಂಬರ್ 12.